ಕಣ್ಣು ಹೋದ ಮೇಲಿನ ಓದು

ಜೂನ್ ೧೪, ಶುಕ್ರವಾರ

ನನ್ನ ಗುಬ್ಬಿಗೆ,

ನಿನಗೂ ಅಳಿಯಂದಿರಿಗೂ ಅಮ್ಮನ ಪ್ರೀತಿ, ಕೂಸಿಗೆ ಅಜ್ಜಿಯ ಮುತ್ತು. ಪತ್ರ ತಡವಾಯಿತು, ಬೈಯಬೇಡ. ಅಪ್ಪನ ಕಣ್ಣು ಹೋಗುವವರೆಗೂ ನಾನು ಹೇಳಿದ್ದನ್ನು ಅವರೇ ಬರೆಯುತ್ತಿದ್ದರು. ಈಗ ಯಾರನ್ನು ಕೇಳಲಿ ಎಂದು ತಿಳಿಯದೆ ಕೂತಿದ್ದೆ. ಕೊನೆಗೆ ನಮ್ಮ ಕಾಲೇಜಿನ ಹಾಸ್ಟೆಲ್ ವಾರ್ಡನ್ ತಾನೇ ಪೆನ್ನು ಹಿಡಿದು ಬಂದಳು. ನಾನಾಡುವ ಮಾತನ್ನೆಲ್ಲ ಪುಸ್ತಕದ ಮಾತಿಗೆ ತಿದ್ದುತ್ತಾಳೆ. ಬೇಡವೆಂದರೆ, "ಸುಮ್ನಿರಿ ಅಮ್ಮ, ಕಾಲೇಜಿನ ಮಾನ ಹೋಗುತ್ತೆ" ಎನ್ನುತ್ತಾಳೆ.

ಹಸಿ ಬಾಣಂತಿ ನೀನು, ಅಪ್ಪನ ಮಣ್ಣಿಗೆ ಬರಲಾಗಲಿಲ್ಲವೆಂದು ಕೊರಗಬೇಡ. ಅಪ್ಪನನ್ನು ಚೆನ್ನಾಗಿಯೇ ಕಳುಹಿಸಿಕೊಟ್ಟೆವು. ಕಾಲೇಜಿನ ಪ್ರಾರ್ಥನಾ ಮಂದಿರ ಸಾಲದೆ ಜನ ಮೆಟ್ಟಿಲ ಮೇಲೂ ಮೈದಾನದಲ್ಲೂ ನಿಂತಿದ್ದರು. ಅವರ ಹಳೆಯ ವಿದ್ಯಾರ್ಥಿನಿಯರೇ ಪೆಟ್ಟಿಗೆಗೆ ಹೆಗಲು ಕೊಟ್ಟರು. "ಹೆಣ್ಮಕ್ಕಳು ಹೊರೋದುಂಟಾ?" ಎಂದು ಸಭೆಯ ಹಿರಿಯರೊಬ್ಬರು ಗೊಣಗಿದರು. ಪೆಟ್ಟಿಗೆ ಹೊತ್ತವರಲ್ಲೊಬ್ಬಳು ಈಗ ನ್ಯಾಯಾಧೀಶೆ. "ನಮ್ಮನ್ನ ಇಷ್ಟು ದಿನ ಅವರು ಹೊತ್ರು. ಒಂದ್ಸಲ ನಾವು ಹೊರ್ತೀವಿ, ದಾರಿ ಬಿಡಿ" ಎಂದಳು. ಆ ಹಿರಿಯರೇ ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

ಪಾದ್ರಿಗಳು ಅಪ್ಪನ ಜೀವನ ಹೇಳಿದರು. ಹತ್ತಿ ಗೋದಾಮಿನಲ್ಲಿ ಕಾಲೇಜು ತೆರೆದದ್ದು, "ಹುಡುಗೀರಿಗೆ ಕಾಲೇಜು ಯಾಕಯ್ಯಾ?" ಎಂದು ನಕ್ಕವರಿಗೆ, "ದೇವರು ಬೆಳಕು ಕೊಟ್ಟಿದ್ದು ಅರ್ಧ ಮನೆಗಾ?" ಎಂದು ಕೇಳಿದ್ದು, ಎಲ್ಲ ಹೇಳಿದರು. ಅವರಿಗೆ ತಿಳಿಯದ್ದೊಂದಿದೆ. ಮೊದಮೊದಲು ಒಬ್ಬ ಹುಡುಗಿಯೂ ಬರಲಿಲ್ಲ. ಅಪ್ಪ ದಿನಾ ಬಾಗಿಲು ತೆರೆದು, ಗಂಟೆ ಹೊಡೆದು, ಖಾಲಿ ಬೆಂಚುಗಳ ಮುಂದೆ ಪ್ರಾರ್ಥನೆ ಮಾಡಿ, ಪಾಠವನ್ನೂ ಮಾಡುತ್ತಿದ್ದರು. ನಾನು ಹತ್ತಿಯ ಧೂಳು ಗುಡಿಸುತ್ತಾ, "ಯಾರಿಗ್ರೀ ಪಾಠ?" ಎಂದರೆ, "ಬರೋರಿಗೆ" ಎನ್ನುತ್ತಿದ್ದರು. ಕೊನೆಗೊಬ್ಬ ದರ್ಜಿ ಮಗಳ ಕೈಹಿಡಿದು ಬಂದ. ಅವಳನ್ನು ಮುಂದಿನ ಬೆಂಚಿನಲ್ಲಿ ಕೂರಿಸಿ, ಅಪ್ಪ ಗೋದಾಮಿನ ಹಿಂದೆ ಹೋಗಿ, ಮೊಣಕಾಲೂರಿ ಮಗುವಿನ ಹಾಗೆ ಅತ್ತರು. ಆಮೇಲೆ ಹಾಸ್ಟೆಲ್ಲಾಯಿತು, ನನ್ನ ಕೈಗೆ ಸೌಟು ಬಂತು.

ಕಣ್ಣು ಹೋದಾಗಲೂ ಅವರ ನಂಬಿಕೆ ಅಲುಗಲಿಲ್ಲ. "ನೋಡೋದೆಲ್ಲ ನೋಡಾಯ್ತು, ಇನ್ನು ಕೇಳಿಸ್ಕೊಳ್ಳೋದು" ಎಂದು ನಗುತ್ತಿದ್ದರು. ಕೊನೆಕೊನೆಗೆ ನೆನಪೂ ಸೋರತೊಡಗಿತು. ನಿನ್ನನ್ನು ಇನ್ನೂ ಶಾಲೆಗೆ ಹೋಗುವವಳೆಂದೇ ತಿಳಿದು, "ಗುಬ್ಬಿ ಬಂದ್ಲಾ?" ಎಂದು ಕೇಳುತ್ತಿದ್ದರು. ಪ್ರಾರ್ಥನೆಯ ಹೊತ್ತನ್ನು ಮಾತ್ರ ಮರೆಯಲಿಲ್ಲ. ಈಗಲೂ ಬೆಳಗಿನ ಗಂಟೆ ಹೊಡೆದರೆ ಅವರನ್ನು ಎಬ್ಬಿಸಿ ಕೂರಿಸಲು ಹೋಗುತ್ತೇನೆ. ಹಾಸಿಗೆ ನೋಡಿ ವಾಪಸು ಬರುತ್ತೇನೆ.

ಕೂಸಿನ ಕಿವಿ ಬೆಚ್ಚಗಿಡು. ನಿನ್ನ ಊಟದಲ್ಲಿ ಸೋಮಾರಿತನ ಮಾಡಬೇಡ. ಅಪ್ಪ ನಂಬಿದ ದೇವರು ನಿಮ್ಮ ಮೂವರನ್ನೂ ಕಣ್ಣಲ್ಲಿ ಕಣ್ಣಿಟ್ಟು ಕಾಯಲಿ.

ನಿನ್ನ ಅಮ್ಮ

ಮರೆತದ್ದಲ್ಲ, ಹೇಳಲಾಗದೆ ಬಿಟ್ಟದ್ದು: ಮದುವೆಯಾದ ಹೊಸತರಲ್ಲಿ, "ನಂಗೂ ಓದೋದು ಕಲಿಸಿ" ಎಂದು ಕೇಳಿದ್ದೆ. "ಕಲಿಸ್ತೀನಿ ಕಣೇ, ಮೊದ್ಲು ಕಾಲೇಜು ಕಾಲೂರಿ ನಿಲ್ಲಲಿ" ಎಂದರು. ಕಾಲೇಜು ನಿಂತಿತು. ಅವರಿಗೆ ನೆನಪಾಗಲಿಲ್ಲ, ನಾನೂ ಮತ್ತೆ ಬಾಯಿಬಿಡಲಿಲ್ಲ. ಹೋಗುವ ಹಿಂದಿನ ದಿನ ವೇದಪುಸ್ತಕವನ್ನು ನನ್ನ ಕೈಗಿಟ್ಟು, "ಸ್ವಲ್ಪ ಓದು" ಎಂದರು. ಇವಳಿಗೆ ಅಕ್ಷರ ಬಾರದು ಎಂಬುದೇ ಮರೆತುಹೋಗಿತ್ತು. ಇಷ್ಟು ವರ್ಷ ಅವರ ಬಾಯಿಂದ ಕೇಳಿ ಕೇಳಿ ಬಾಯಿಪಾಠವಾದದ್ದನ್ನು, ಸದ್ದಾಗುವಂತೆ ಪುಟ ಮಗುಚುತ್ತಾ ಹೇಳಿದೆ. "ಎಷ್ಟು ಚೆನ್ನಾಗಿ ಓದ್ತೀಯೇ! ಯಾರು ಕಲಿಸಿದ್ದು?" ಎಂದರು. "ನೀವೇ ಅಲ್ವಾ" ಎಂದೆ. ಮುಖ ಅರಳಿತು. "ಹಾಗಾದ್ರೆ ಮನೆಯಿಂದ್ಲೇ ಶುರು ಮಾಡಿದ್ದೆ. ಸದ್ಯ, ದೇವರ ಮುಂದೆ ತಲೆಯೆತ್ತಿ ನಿಲ್ಲಬಹುದು" ಎಂದು ನನ್ನ ಕೈ ಒತ್ತಿದರು. ಅಲ್ಲಿ ಯಾರಾದರೂ ಅವರಿಗೆ ನಿಜ ಹೇಳಿಬಿಟ್ಟರೆ ಎಂದು ನನಗೆ ಭಯ, ಮಗಳೇ.