ಅರ್ಧ ಬಸಿ ಚಹಾ

ಹುನಗುಂದ
೧೪-೧೧-೧೯೮೬

ಪ್ರೀತಿಯ ಲಗಮಾ,

ನಿನ್ನ ಆರೋಗ್ಯ ಹೇಗಿದೆ? ಹುಬ್ಬಳ್ಳಿಯ ದವಾಖಾನೆಯಲ್ಲಿ ಹೊತ್ತು ಹೊತ್ತಿಗೆ ಎಲ್ಲರಿಗೂ ಗುಳಿಗೆ ಕೊಡುವ ನರ್ಸಬಾಯಿ ತಾನು ಹೊತ್ತಿಗೆ ಸರಿಯಾಗಿ ಉಣ್ಣುತ್ತಾಳೋ ಇಲ್ಲವೋ ಎಂಬುದೇ ನನ್ನ ಚಿಂತೆ. ನಾನು ಗಟ್ಟಿಯಾಗಿದ್ದೇನೆ. ಮಾಸ್ತರಿಕೆ ಬಿಟ್ಟು ಆರು ವರ್ಷವಾದರೂ ದಾರಿಯಲ್ಲಿ ಸಿಕ್ಕ ಹುಡುಗರಿಗೆ ಮಗ್ಗಿ ಕೇಳುವುದು ಬಿಟ್ಟಿಲ್ಲ. ನನ್ನನ್ನು ಕಂಡರೆ ಅವರು ಓಣಿ ಬದಲಿಸುತ್ತಾರೆ.

ನಿನ್ನ ಪತ್ರವನ್ನು ನಿನ್ನವ್ವನಿಗೆ ಓದಿ ಹೇಳಿದೆ. ಅವಳ ತುಟಿಯ ಮೇಲೆ ಆಗಾಗ ಏಳುವ ಗುಳ್ಳೆಗೆ ಕಾರಣ ಒಂದು ವೈರಸ್, ಅದು ನರದೊಳಗೆ ಅಡಗಿ ಕೂತಿರುತ್ತದೆ, ಮುಪ್ಪಿನ ಮರೆವಿಗೂ ಅದಕ್ಕೂ ನಂಟಿರಬಹುದೆಂದು ಕೆಲವು ಡಾಕ್ಟರರಿಗೆ ಗುಮಾನಿ, ಆದರೆ ಇನ್ನೂ ಖಚಿತವಾಗಿಲ್ಲ ಎಂದು ನೀನು ಬರೆದದ್ದನ್ನು ಬಿಡಿಸಿ ಹೇಳಿದೆ. ಅವಳೋ, ಅದು ಜೇಡ ಹರಿದು ಎದ್ದ ಗುಳ್ಳೆ ಎಂದೇ ನಂಬಿದವಳು. ಗುಳ್ಳೆ ಎದ್ದಾಗಲೆಲ್ಲ ಕಸಬರಿಗೆ ಹಿಡಿದು ಜಂತಿಯ ಜೇಡಗಳನ್ನು ಹೊರಗಟ್ಟುತ್ತಿದ್ದುದನ್ನು ನೀನೂ ನೋಡಿದ್ದೀ. "ಹಂಗಾರ ಆ ಜ್ಯಾಡ ನನ್ನ ತಲಿಯಾಗ ಬಲಿ ಕಟ್ಟೇತೇನ್ರಿ?" ಎಂದು ನಕ್ಕಳು. ನಾನೂ ನಕ್ಕೆ.

ಮರೆವು ಇದೆ, ನಿನ್ನಿಂದ ಮುಚ್ಚಿಡುವುದಿಲ್ಲ. ಮೊನ್ನೆ ಪಕ್ಕದ ಮನೆಯ ಜೈನಬಿ ಬಂದಾಗ ಅವಳನ್ನು ಅವಳ ತೀರಿಹೋದ ತಾಯಿ ಸುಗರಾ ಎಂದು ತಿಳಿದು, "ನಿಮ್ಮ ಜೈನಬಿ ಲಗ್ನ ಯಾವಾಗ್ರಿ?" ಎಂದು ಕೇಳಿದಳು. ಮೂರು ಮೊಮ್ಮಕ್ಕಳ ಅಜ್ಜಿಯಾದ ಜೈನಬಿ ಜಾಣೆ. "ಇನ್ನೂ ವರ ನೋಡಾಕತ್ತೇವ್ರಿ ಅಕ್ಕಾ" ಎಂದು ಸೆರಗು ಬಾಯಿಗಿಟ್ಟು ನಾಚಿಕೊಂಡಳು. ಹೊರಗೆ ಬಂದು ನನ್ನ ಮುಂದೆ ಕಣ್ಣೊರೆಸಿಕೊಂಡಳು, ಆ ಮಾತು ಬೇರೆ.

ನೀನು ಕಳಿಸಿದ ಎರಡು ಹೊಸ ಕಪ್ಪು ಮುಟ್ಟಿದವು. ಎಂಜಲಿನಿಂದ ವೈರಸ್ ಹರಡುತ್ತದೆ, ಇನ್ನು ಒಂದೇ ಕಪ್ಪಿನ ಚಹಾ ಬೇಡ ಎಂಬ ಅಪ್ಪಣೆಯೂ ಮುಟ್ಟಿತು. ಆದರೆ ಮದುವೆಯಾದ ಈ ನಲವತ್ತು ವರ್ಷ ಅವಳು ಮೊದಲ ಗುಟುಕು ತಾನು ಕುಡಿದು, ಸಿಹಿ ನೋಡಿ, ಅರ್ಧ ಚಹಾ ಕಪ್ಪಿನಡಿಯ ಬಸಿಗೆ ಸುರಿದು ನನ್ನತ್ತ ಸರಿಸಿದ್ದಾಳೆ. ಇಲ್ಲಿಯ ಡಾಕ್ಟರರನ್ನು ಕೇಳಿದೆ. "ಮಾಸ್ತರ್ರ, ಅದು ಹತ್ತೂದಿದ್ರ ಎಂದೋ ಹತ್ತಿರತೈತಿ" ಎಂದರು. ನನಗೆ ಬೇಕಾದದ್ದೂ ಅಷ್ಟೇ. ಹೊಸ ಕಪ್ಪುಗಳು ಕಪಾಟಿನಲ್ಲಿವೆ. ನೀವು ಬಂದಾಗ ನಿನಗೊಂದು, ಅಳಿಯನಿಗೊಂದು.

ಅಳಿಯ ಪಾಂಡಪ್ಪನಿಗೆ ನಮ್ಮಿಬ್ಬರ ಆಶೀರ್ವಾದ ಹೇಳು. ಮನೆದೇವರು ಬೀರಪ್ಪ ನಿಮ್ಮನ್ನು ತಣ್ಣಗಿಟ್ಟಿರಲಿ.

ನಿನ್ನ ಅಪ್ಪ,
ಕನಕಪ್ಪ

ತಾ.ಕ.: ಬಸ್ಸಿಗೆ ಹೊತ್ತಾಯಿತು. ಮೇಲೆ ಬರೆಯಲು ಕೈ ಬರಲಿಲ್ಲ, ಈಗ ಬರೆಯುತ್ತೇನೆ. ಇಂದು ಮುಂಜಾನೆ ನಿನ್ನವ್ವ ಒಂದು ಗುಟುಕು ಕುಡಿದು, ಅರ್ಧ ಬಸಿಗೆ ಸುರಿದು ನನ್ನತ್ತ ಸರಿಸಿ, "ಕುಡೀರಿ, ಯಾವ ಊರಾವ್ರು ನೀವು?" ಎಂದಳು. ಏನೂ ತೋಚದೆ ಅಮೀನಗಡ ಎಂದೆ. "ಹಂಗಾರ ಕರದಂಟು ತರಬೇಕಿತ್ತಲ್ರಿ" ಎಂದಳು. ಆ ಸಿಹಿ ತರಲು ಅಮೀನಗಡಕ್ಕೆ ಹೊರಟಿದ್ದೇನೆ, ಜೈನಬಿ ಅವಳ ಹತ್ತಿರ ಕೂತಿದ್ದಾಳೆ. ಪರ ಊರಿನ ಗಂಡಸಿಗೆ ತನ್ನ ಎಂಜಲು ಚಹಾ ಕೊಡುವವಳಲ್ಲ ನಿನ್ನವ್ವ, ಅಷ್ಟು ಧೈರ್ಯ ನನಗಿದೆ. ನೀನು ರಜೆ ಹಾಕಿ ಬೇಗ ಬಾ.