ನೀಲಗಂಗಾಳ ಚುಕ್ಕಿಗಳು

ಗಾಳಿವರ್ಷ ನೂರಾ ಹನ್ನೊಂದು, ಹದಿನಾಲ್ಕನೆಯ ತಿಂಗಳು, ಒಂಬತ್ತು. ಸಂಜೆ ನಾಲ್ಕೂವರೆ.

ಬೆಳಗ್ಗೆ ಎಂಟರಿಂದ ದಾಖಲೆ ಕಚೇರಿಯಲ್ಲಿ ಕೂತು ಚುಕ್ಕಿಗಳನ್ನು ನಕಲು ಮಾಡಿದೆ. ಬಾಗಿಲು ಹಾಕುವ ಹೊತ್ತಾಯಿತೆಂದು ಎಬ್ಬಿಸಿದರು. ಮನೆಗೆ ಬಂದು ಒಂದು ಲೋಟ ನೀರು ಕುಡಿದು ಇದನ್ನು ಬರೆಯುತ್ತಿದ್ದೇನೆ.

ಮೇಲಿನ ತಾರೀಖು ನಿಮಗೆ ಹುಚ್ಚಾಟದಂತೆ ಕಾಣಬಹುದು. ಗಾಳಿಕಂಬಗಳ ಕೆಳಗೆ ಈ ಊರು ಕಟ್ಟಿದಂದಿನಿಂದ ನಮ್ಮ ಲೆಕ್ಕ ಶುರು. ವರ್ಷಕ್ಕೆ ಹದಿನಾಲ್ಕು ತಿಂಗಳು. ನನ್ನ ಮಾತು ಒರಟಾಗಿದ್ದರೆ ಕ್ಷಮಿಸಿ, ಏಳನೆಯ ಇಯತ್ತೆ ಓದಿದವನು ನಾನು. ನೀವು ಯಾರೆಂದು ನನಗೆ ಗೊತ್ತಿಲ್ಲ. ನಿಮ್ಮ ಕಾಲದಲ್ಲಿ ಯಾವುದೋ ಮೇಜಿನ ಮುಂದೆ ಕೂತು ಕಂಪ್ಯೂಟರಿಗೆ ಒಂದು ಆಜ್ಞೆ ಬರೆದಿರಿ: ಬರಹದಲ್ಲಿ ಅಕ್ಷರ, ಅಂಕಿ, ನಡುವೆ ಒಂದು ಖಾಲಿ ಜಾಗ, ಇಷ್ಟು ಬಿಟ್ಟು ಬೇರೇನಿದ್ದರೂ ತೆಗೆದುಹಾಕು. ನಾವು ಅದನ್ನು ಶುಚಿ ಎನ್ನುತ್ತೇವೆ.

ನಿಮ್ಮನ್ನು ದೂರುತ್ತಿಲ್ಲ. ಹೆಸರಿನ ಕೊನೆಗೆ ಕಣ್ಣಿಗೆ ಕಾಣದ ಒಂದು ಖಾಲಿ ಜಾಗ ಉಳಿದರೂ ಯಂತ್ರಕ್ಕೆ ಆ ಮನುಷ್ಯ ಸಿಗುವುದಿಲ್ಲ, ಅವನ ಔಷಧ ಬರುವುದಿಲ್ಲ. ನಿಮ್ಮ ಆಜ್ಞೆಯಿಂದ ನನ್ನ ಹೆಂಡತಿ ನೀಲಗಂಗಾಳಿಗೂ ಔಷಧ ತಪ್ಪದೆ ಬಂತು.

ಲಕ್ವ ಹೊಡೆದ ಮೇಲೆ ಅವಳಿಗೆ ಮಾತು ಹೋಯಿತು. ಎಡಗೈಯ ಒಂದು ಬೆರಳು ಮಾತ್ರ ಆಡುತ್ತಿತ್ತು. ಹಾಸಿಗೆಯ ಪಕ್ಕದ, ಒತ್ತಿ ಬರೆಯುವ ಹಲಗೆಯ ಮೂಲೆಯಲ್ಲಿದ್ದ ನಾಲ್ಕಾರು ಗುರುತುಗಳಷ್ಟೇ ಆ ಬೆರಳಿಗೆ ಎಟುಕುತ್ತಿದ್ದವು. ಒಂದು ಚುಕ್ಕಿ ಎಂದರೆ ನೀರು. ಎರಡು ಎಂದರೆ ಬಂದು ಕೂಡು. ಓರೆಗೆರೆ ಎಂದರೆ ದಿಂಬು ಸರಿದಿದೆ. ನಕ್ಷತ್ರ ಒತ್ತಿದಳೆಂದರೆ ನನ್ನ ಸಾರಿಗೆ ಬೈಗುಳ; ಉಪ್ಪು ಹೆಚ್ಚಾದಷ್ಟೂ ನಕ್ಷತ್ರ ಹೆಚ್ಚು. ಹನ್ನೊಂದು ತಿಂಗಳು ಹೀಗೆ ಸಂಸಾರ ಮಾಡಿದೆವು.

ನಮ್ಮಲ್ಲಿ ಸತ್ತವರು ಬರೆದದ್ದನ್ನೆಲ್ಲ ದಾಖಲೆ ಕಚೇರಿಯ ಯಂತ್ರದಲ್ಲಿ ಮಾತಿನ ಕೋಠಿ ಎಂಬಲ್ಲಿ ಇಡುತ್ತಾರೆ. ಅವರ ವರ್ಷದ ದಿನ ಅಂಗಳದಲ್ಲಿ ಅದನ್ನು ಓದಿದ ಮೇಲೆಯೇ ಊಟ. ಅವಳದನ್ನು ಇಡಲು ಹೋದಾಗ ಕಚೇರಿಯ ಮೆಹರೂನ್ ಕೇಳಿದಳು, “ಇದರಾಗ ಅಕ್ಷರನ ಇಲ್ಲಲ್ಲ ಕಾಕಾ, ಚಿತ್ರದ ಕೋಠಿಯೊಳಗ ಇಡ್ಲೇನು?”

“ಅಕಿ ಮಾತಾಡ್ಯಾಳವಾ, ಚಿತ್ರ ಬರದಿಲ್ಲ,” ಅಂದೆ.

ಮೊದಲ ವರ್ಷದ ದಿನ ಮೆಹರೂನಳೇ ಬಂದು, ಚುಕ್ಕಿಗೊಂದರಂತೆ ತಾಟಿನ ಮೇಲೆ ಚಮಚ ಬಡಿದು ಓದಿದಳು. ನಕ್ಷತ್ರಗಳು ಬಂದಾಗ ಓಣಿಯವರೆಲ್ಲ ನಕ್ಕರು. “ಇವತ್ತಿನ ಸಾರಿಗೆ ಎಷ್ಟ್ ಬೀಳತಿದ್ವೋ!” ಎಂದರು ಯಾರೋ. ನಾನೂ ನಕ್ಕೆ.

ಈ ವರ್ಷ ಮಾತಿನ ಕೋಠಿಯನ್ನೂ ಶುಚಿಗೆ ಸೇರಿಸಿದ್ದಾರೆ. ಮೂರು ದಿನದ ಹಿಂದೆ ಸುದ್ದಿ ಬಂತು. ಓಡಿಹೋಗಿ ಕೇಳಿದೆ. ಚಿತ್ರದ ಕೋಠಿ ಸೇರಿದ್ದನ್ನು ಶುಚಿ ಮುಟ್ಟುವುದಿಲ್ಲ. ಮಾತಿನದನ್ನು ಈಗ ಅಲ್ಲಿಗೆ ಸರಿಸಹೋದರೂ ಶುಚಿಯಾಗಿಯೇ ಸರಿಯುತ್ತದೆ. ಅವಳ ಸಾಲಿನಲ್ಲಿ ಏನೂ ಉಳಿಯುವುದಿಲ್ಲ.

“ನಾನರ ಏನ್ ಮಾಡ್ಲಿ ಕಾಕಾ,” ಎಂದಳು ಮೆಹರೂನ್. “ಆಜ್ಞೆ ಬರದವರು ಸತ್ತು ಇನ್ನೂರು ವರ್ಷಾತು. ಅದರಾಗ ಒಂದು ಗೆರಿ ತಿದ್ದಿದ್ರ ಔಷಧದ ಪಟ್ಟಿ ಎಲ್ಲಿ ಕೆಡತೈತೋ ಯಾರಿಗೂ ತಿಳೀದು. ಬರಕೊಳ್ರಿ. ಕೊನೀದು ಮೊದಲ ಬರಕೊಳ್ರಿ.”

ಮೆಹರೂನಳ ಈ ಮಾತನ್ನೂ ನಾನು ಕೇಳಲಿಲ್ಲ, ಮೊದಲಿನಿಂದಲೇ ಬರೆಯತೊಡಗಿದೆ. ಕೊನೆಯ ದಿನ ನಾನು ಔಷಧ ತರಲು ಹೋಗಿದ್ದೆ. ಬರುವಷ್ಟರಲ್ಲಿ ನೀಲಗಂಗಾ ಇರಲಿಲ್ಲ. ಹಲಗೆಯ ಮೇಲೆ ಚುಕ್ಕಿ, ಗೆರೆ, ನಕ್ಷತ್ರ ಎಲ್ಲ ಕಲೆತ ಉದ್ದನೆಯ ಸಾಲೊಂದಿತ್ತು. ಅಂಥದನ್ನು ಅವಳು ಎಂದೂ ಬರೆದಿರಲಿಲ್ಲ. ಅಂದು ನನಗೆ ತಿಳಿಯಲಿಲ್ಲ. ಮೊದಲಿನಿಂದ ಒಂದೊಂದೇ ಬರೆಯುತ್ತ ಹೋದರೆ ಅಲ್ಲಿಗೆ ಮುಟ್ಟುವಷ್ಟರಲ್ಲಿ ತಿಳಿದೀತು ಅಂದುಕೊಂಡೆ. ಆ ಕಚೇರಿಯೊಳಗೆ ಕಾಗದ, ಪೆನ್ಸಿಲು ಬಿಟ್ಟು ಬೇರೇನೂ ಒಯ್ಯುವಂತಿಲ್ಲ. ಅವಳ ಹನ್ನೊಂದು ತಿಂಗಳಲ್ಲಿ ಇಂದು ಎಂಟನೆಯದರವರೆಗೆ ಬಂದೆ.

ಈ ಕಾಗದ ನಿಮಗೆ ಮುಟ್ಟುವ ದಾರಿ ಯಾವುದೂ ಇಲ್ಲವೆಂದು ನನಗೆ ಗೊತ್ತು. ಆದರೂ ಕೇಳುತ್ತೇನೆ. ಆಜ್ಞೆ ಬರೆಯಿರಿ, ಬೇಡವೆನ್ನುವುದಿಲ್ಲ. ತೆಗೆದದ್ದನ್ನು ಮಾತ್ರ ಎಸೆಯಬೇಡಿ. ಪಕ್ಕದಲ್ಲಿ ಎಲ್ಲಾದರೂ ಒಂದು ಕಡೆ ಇಡಿ. ಅದು ಯಾರದೆಂದು ನಿಮಗೆ ತಿಳಿಯದಿದ್ದರೂ ಇಡಿ.

ನಾಳೆ ಬೆಳಗ್ಗೆ ಆರಕ್ಕೆ ಶುಚಿ. ಕಚೇರಿ ತೆರೆಯುವುದು ಎಂಟಕ್ಕೆ.