ಕೆರೆ ಕೋಡಿ ಕಟ್ಟಿದವನಿಗೆ

ಪಟ್ಟಂದೂರು ಅಗ್ರಹಾರ
೯ ಫೆಬ್ರವರಿ ೨೦೨೫

ಪ್ರೀತಿಯ ಅಂಜನ್,

ಹೇಗಿದ್ದೀಯ? ಮೈಸೂರಿಗೆ ಹೋದ ಮೇಲೆ ನೀನು ಕಳಿಸಿದ ಎರಡು ಮೆಸೇಜಿಗೂ ನಾನು ಉತ್ತರಿಸಲಿಲ್ಲ. ಕೆಲಸ ಜಾಸ್ತಿಯಿತ್ತು ಎಂದರೆ ಸುಳ್ಳಾಗುತ್ತದೆ. ಧೈರ್ಯವಿರಲಿಲ್ಲ, ಕ್ಷಮಿಸು.

ನಮ್ಮ ಗೇಮ್ ಕಂಪನಿಯ ಸುದ್ದಿ ನಿನಗೂ ತಲುಪಿರಬೇಕು. ನೀನು ಕಟ್ಟಿದ ‘ಕೆರೆ ಕೋಡಿ’ ಆಟವನ್ನು ಬಸ್ಸಿನಲ್ಲಿ ಪಕ್ಕದವರು ಆಡುವುದನ್ನು ಕಂಡು ಹಿಗ್ಗುತ್ತಿದ್ದೆವು. ಈಗ ಆಡುವವರೇ ಇಲ್ಲ. ಯುಗಾದಿಯೊಳಗೆ ದಾರಿ ಕಾಣದಿದ್ದರೆ ಬಾಗಿಲು ಹಾಕುತ್ತೇನೆ ಎಂದಿದ್ದಾರೆ ವಿಶ್ವನಾಥ್ ಸರ್.

ಮೊನ್ನೆ ಹೊಸ ಆಟವನ್ನು ನಮ್ಮಜ್ಜಿಯ ಕೈಗೆ ಕೊಟ್ಟೆ. ಹಿಂದೆಲ್ಲ ಅಕ್ಷರ ಬಾರದ ಅಜ್ಜಿಯ ಕೈಲಿ ಮೊದಲು ಆಡಿಸಿ, ಅವಳ ಹೆಬ್ಬೆರಳು ತಡೆದ ಕಡೆಯೆಲ್ಲ ನೀನು ತಿದ್ದುತ್ತಿದ್ದೆ. ನೀನು ಹೋದ ಮೇಲೆ ಆ ಪದ್ಧತಿಯೇ ನಿಂತಿತ್ತು. ಎರಡೇ ನಿಮಿಷಕ್ಕೆ ಫೋನು ವಾಪಸ್ಸು ಬಂತು.

“ಇದೇನ್ಲಾ, ಆಡಾಕೆ ಕುಂತ್ರೆ ಸೋಪು ಮಾರ್ತಾನೆ, ಬ್ಯಾಡ ಅಂದ್ರೆ ಚಿನ್ನ ಮಾರ್ತಾನೆ! ಆ ಅಂಜನ್‌ನ ಕರ್ಕೊಂಬಾ, ಅವ್ನು ಇಂಗೆಲ್ಲ ಮಾಡಾಕಿಲ್ಲ.”

ಅಂದೇ ನಾಲ್ಕು ಪುಟ ಬರೆದು ಸರ್ ಮೇಜಿನ ಮೇಲಿಟ್ಟೆ. ಆಟದ ನಡುವೆ ಜಾಹೀರಾತು ಬೇಡ. ದುಡ್ಡಿಗೆ ಗೆಲುವು ಮಾರುವುದು ಬೇಡ. ಆಡುವವನ ಬಿಡುವಿನ ಹೊತ್ತು ಅವನದು, ಅದನ್ನು ಕದಿಯುವ ಹಕ್ಕು ನಮಗಿಲ್ಲ. ನೀನು ಹೋದ ಮೇಲೆ ‘ಕೆರೆ ಕೋಡಿ’ಗೂ ತುಂಬಿದ ಜಾಹೀರಾತು ತೆಗೆದು, ಅದನ್ನು ಮೊದಲಿನಂತೆ ಮಾಡಿ ಒಂದೇ ಬೆಲೆಗೆ ಕೊಡೋಣ. ಹೊಸದು ಯಾವುದೂ ಊರ ಅಜ್ಜಿಯರ ಕೈ ದಾಟದೆ ಹೊರಗೆ ಹೋಗಬಾರದು.

ಸರ್ ಓದಿ ಪುಟಗಳನ್ನು ಮಡಚಿಟ್ಟರು. “ಇದನ್ನೇ ಅಂಜನ್ ಆರು ತಿಂಗಳು ನನ್ನ ಹತ್ರ ಜಗಳ ಆಡಿ ಹೇಳಿದ್ನಲ್ಲಪ್ಪ. ಇರೋವರೆಗೂ ಜಾಹೀರಾತು ಹಾಕೋಕೆ ಬಿಡ್ಲಿಲ್ಲ. ಅವನು ಬಂದ್ರೆ ನೀನು ಬರೆದಿದ್ದೆಲ್ಲ ಮಾಡೋಣ, ಕೇಳಿ ನೋಡು,” ಎಂದರು.

ನನಗೆ ಗೊತ್ತಿರಲಿಲ್ಲ, ಅಂಜನ್. ಸರ್ ಕೋಣೆಯ ಬಾಗಿಲ ಹೊರಗೆ ನಿನ್ನ ದನಿ ಕೇಳುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಜಾಹೀರಾತಿನ ದುಡ್ಡಿನಲ್ಲಿ ನಿನ್ನ ಪಾಲು ಕುದುರಿಸುತ್ತಿದ್ದೀಯ ಎಂದುಕೊಂಡೆ.

ಬರುತ್ತೀಯಾ? ಕೇಳುವ ಮುಖ ನನಗಿಲ್ಲ. ಆದರೂ ನೀನು ಬಂದರೆ ಇಲ್ಲಿ ಹನ್ನೆರಡು ಜನರ ಕೆಲಸ ಉಳಿಯುತ್ತದೆ. ನಿನ್ನ ಹೊಟ್ಟೆ ತಣ್ಣಗಿರಲಿ ಎಂದು ಅಜ್ಜಿ ಹರಸಿದ್ದಾಳೆ.

ನಿನ್ನ,
ಮುನಿಕೃಷ್ಣ

ತಾ.ಕ.: ಬರುವೆನೆಂದು ಒಪ್ಪುವ ಮುಂಚೆ ಇದು ನಿನಗೆ ತಿಳಿದಿರಬೇಕು. ‘ಅಂಜನ್ ಆಟಗಾರರನ್ನು ಮಾರಿಕೊಂಡ’ ಎಂಬ ಹೆಸರಿಲ್ಲದ ಕರಪತ್ರ ಟೀ ಅಂಗಡಿಯಿಂದ ಲಿಫ್ಟಿನವರೆಗೆ ಅಂಟಿತ್ತಲ್ಲ, ಅದನ್ನೋದಿ ಎಲ್ಲರೂ ನಿನ್ನ ಜೊತೆ ಊಟಕ್ಕೆ ಕೂರುವುದನ್ನು ಬಿಟ್ಟರಲ್ಲ, ಅದನ್ನು ಬರೆದವನು ನಾನು. ಮಾರನೆಯ ವಾರ ನೀನು ಕೆಲಸ ಬಿಟ್ಟು ಹೊರಟಾಗ ನಿನ್ನ ಪೆಟ್ಟಿಗೆಯನ್ನು ಬಸ್‌ಸ್ಟಾಪಿನವರೆಗೆ ಹೊತ್ತವನೂ ನಾನೇ. “ನೀನೊಬ್ಬನಾದ್ರೂ ನನ್ನ ನಂಬಿದ್ಯಲ್ಲ ಮಗಾ, ಸಾಕು,” ಎಂದೆ ನೀನು. ನಾನು ಹೂಂ ಅಂದೆ.